ಕಾರ್ಖಾನೆಯ ಗುರಿಹಾಳೆ ನೋಡಿ ರಿವಾಲ್ವರ್ ಕೊಳ್ಳುವವರ ಗಮನಕ್ಕೆ

ಬೆಳಗಾವಿಯ ಬಂದೂಕಿನ ಅಂಗಡಿಯೊಂದರಲ್ಲಿ .32 (ಇದು ಗುಂಡಿನ ಅಳತೆ) ರಿವಾಲ್ವರ್ ಕೊಂಡ ಅನುಭವವನ್ನು, ಹೊಸದಾಗಿ ಪರವಾನಗಿ ಪಡೆದವರಿಗಾಗಿ ಬರೆಯುತ್ತಿದ್ದೇನೆ. ಅಂಗಡಿಯವರು ಪೆಟ್ಟಿಗೆಯಿಂದ ಗುರಿಹಾಳೆಯೊಂದನ್ನು ತೆಗೆದು, ಒಂದರ ಪಕ್ಕ ಒಂದು ಒತ್ತಾಗಿ ಬಿದ್ದಿದ್ದ ಐದು ತೂತುಗಳನ್ನು ತೋರಿಸಿ, "ಕಂಪನಿಯಾಗ ಟೆಸ್ಟ್ ಆಗೇ ಬಂದದ್ರಿ, ಇಪ್ಪತ್ತೈದು ಮೀಟರಿಗೂ ಹಿಂಗ ಬೀಳತಾವ" ಎಂದರು. ಎಷ್ಟು ದೂರದಿಂದ, ಯಾವ ಗುಂಡಿನಿಂದ ಹೊಡೆದದ್ದೆಂದು ಹಾಳೆಯಲ್ಲಿ ಬರೆದಿರಲಿಲ್ಲ. ಅದರ ಮೂಲೆಯಲ್ಲಿದ್ದ ಸಂಖ್ಯೆಯಂತೂ ನನ್ನ ರಿವಾಲ್ವರಿನದೇ ಅಲ್ಲವೆಂಬುದು ಆಮೇಲೆ ತಿಳಿಯಿತು.

ರೇಂಜಿನಲ್ಲಿ ಹತ್ತು ಮೀಟರಿನಿಂದ ಹೊಡೆದಾಗ ಪ್ರತಿ ಸುತ್ತಿನಲ್ಲೂ ಒಂದು ಗುಂಡು ಉಳಿದವುಗಳಿಂದ ಗೇಣು ದೂರ ಎಡಕ್ಕೆ ಹೋಗುತ್ತಿತ್ತು. ಅಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರು ಸಿಲಿಂಡರಿನಲ್ಲಿ ತೋಟಾ ಕೂರುವ ಖಾನೆಗಳಿಗೆ ಪೆನ್ನಿನಿಂದ ಗುರುತು ಹಾಕಿ, ಮರಳುಚೀಲದ ಮೇಲೆ ಕೈಯಿಟ್ಟು ಹೊಡೆದು ನೋಡಿದರು. ತಪ್ಪುತ್ತಿದ್ದದ್ದು ಯಾವಾಗಲೂ ಅದೇ ಒಂದು ಖಾನೆ; ಅದು ನಳಿಗೆಗೆ ಸರಿಯಾಗಿ ಎದುರಾಗಿ ನಿಲ್ಲದೆ ಗುಂಡಿನ ಸೀಸ ಹೆರೆದು, ನಳಿಗೆಯ ಹಿಂಬದಿಯ ಸುತ್ತ ಬೂದು ಚೂರುಗಳು ಅಂಟಿದ್ದವು.

ಇಷ್ಟಾದರೂ ಅಂಗಡಿಯವರದು "ಟೆಸ್ಟ್ ಆಗಿದೆ" ಎಂಬ ಒಂದೇ ಮಾತು. ಕಾರ್ಖಾನೆಯಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸುವುದು ನಳಿಗೆ, ಸಿಲಿಂಡರುಗಳು ಸಿಡಿಯುವುದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ಗುರಿಯ ಪರೀಕ್ಷೆ ಬೇರೆಯದೇ, ಅದನ್ನು ಸಾಮಾನ್ಯವಾಗಿ ಆಯುಧಕ್ಕೆ ಆಧಾರ ಕೊಟ್ಟು, ಗೊತ್ತಾದ ದೂರದಿಂದ, ಗೊತ್ತಾದ ತೋಟಾದಿಂದ ಮಾಡುತ್ತಾರೆ. ಕೈಯಲ್ಲಿ ಹಿಡಿದಾಗ ಲೆಕ್ಕವೇ ಬೇರೆ. ಗಿಡ್ಡ ರಿವಾಲ್ವರಿನ ಮುಂದಿನ ಮತ್ತು ಹಿಂದಿನ ಗುರಿಕಾಯಿಗಳ (ಗುರಿ ಹಿಡಿಯಲು ನೋಡುವ ಸೈಟುಗಳ) ನಡುವೆ 11 ಸೆಂ.ಮೀ. ಅಂತರವಿದ್ದರೆ, ಅವುಗಳ ಹೊಂದಾಣಿಕೆಯಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೂ 25 ಮೀಟರಿನಲ್ಲಿ ಗುಂಡು 22 ಸೆಂ.ಮೀ.ಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ದೋಷ .32ರದಲ್ಲ; .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾವನ್ನು ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗಳಲ್ಲೂ ಬಳಸುತ್ತಾರೆ, ಆದರೆ ಆ ಪಿಸ್ತೂಲುಗಳೇ ಬೇರೆ.

ನನ್ನ ಪರವಾನಗಿಯಲ್ಲಿ ಸಂಖ್ಯೆ ದಾಖಲಾಗಿದೆಯೆಂದು ಹೇಳಿ ಅಂಗಡಿಯವರು ಆಯುಧವನ್ನು ವಾಪಸು ಪಡೆಯಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರಿಗೆ ಎರಡೇ ಆಯುಧ. ಅದರಲ್ಲೊಂದು ಜಾಗವನ್ನು ಇದು ಹಿಡಿದು ಕೂತಿದೆ. ಆದ್ದರಿಂದ ದಾಖಲೆ ಆಗುವ ಮೊದಲೇ ಹಾಳೆಯ ಸಂಖ್ಯೆಯನ್ನು ಆಯುಧದ ಸಂಖ್ಯೆಯೊಂದಿಗೆ ತಾಳೆ ನೋಡಿ. ದೂರವನ್ನೂ ತೋಟಾವನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ. ರಿವಾಲ್ವರ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಒಂದೊಂದೇ ಖಾನೆಗೆ ಕುದುರೆ (ಹಿಂಬದಿಯ ಹ್ಯಾಮರ್) ಎಳೆದು ನಿಲ್ಲಿಸಿ, ಸಿಲಿಂಡರ್ ಎಲ್ಲಿ ಅಲುಗುತ್ತದೆಂದು ಅಂಗಡಿಯವರ ಎದುರಿಗೇ ನೋಡಿರಿ.