ಒಳಗೆ ಫಳಫಳ ಹೊಳೆಯೋ ಜೆಟ್ ಸ್ಕೀ ಕಂಡರೆ ಹುಷಾರು, ನಾನು ಮೋಸಹೋದೆ

ನನಗೆ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡೋ ಬೈಕ್, ಮಾರಿದ ಏಜೆಂಟನ ಜಾಹೀರಾತು ನಿನ್ನೆ ರಾತ್ರಿ ಮತ್ತೆ ಕಣ್ಣಿಗೆ ಬಿತ್ತು. ಗಾಡಿ ಬೇರೆ, ಹೊರಗಿನ ಬಣ್ಣ ಬೇರೆ. ಆದರೆ ಫೋಟೊ ತೆಗೆದ ಅಂಗಳ ಅದೇ. ಸೀಟು ಎತ್ತಿ ಇಂಜಿನ್ ತೋರಿಸಿದ ರೀತಿಯೂ ಅದೇ. ತಳದಲ್ಲಿ ಕರಿ ಪೇಂಟ್ ಹೊಳೀತಾ ಇದೆ. ಕೆಳಗೆ ಬರೆದಿದ್ದಾನೆ, "ಒಳಗೆ ಒಂದು ಹನಿ ನೀರಿಲ್ಲ". ನನಗೆ ಮಾರಿದ್ದಕ್ಕೂ ಇದೇ ಮಾತು ಬರೆದಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಚಿಕೆ ಆಗುತ್ತೆ, ಆದರೂ ಬರೆಯುತ್ತೇನೆ. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ನಾನು ಕೊಪ್ಪಳದವನು. ಸ್ನೇಹಿತನೊಬ್ಬ ಹಿನ್ನೀರಲ್ಲಿ ಬೋಟಿಂಗ್ ನಡೆಸುತ್ತಾನೆ. ಇಬ್ಬರೂ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ ತಗೊಂಡರೆ ರಜೆ ದಿನಗಳಲ್ಲಿ ನಾಲ್ಕು ಕಾಸು ಬರುತ್ತೆ ಅಂತ ಲೆಕ್ಕ ಹಾಕಿದೆವು. ಪರ್ಮಿಷನ್‌ಗೆ ಓಡಾಡಿದ ಕಥೆ ಬೇರೆ, ಅದು ಇಲ್ಲಿ ಬೇಡ. 2024ರ ಜುಲೈನಲ್ಲಿ ಕರಾವಳಿ ಕಡೆಯ ಒಬ್ಬ ಏಜೆಂಟ್ ಹತ್ತಿರ ಸೀ-ಡೂ ಕಂಪನಿಯ ಹಳೇ ಜೆಟ್ ಸ್ಕೀ ನೋಡಿದೆವು. ಕೇಳಿದ್ದು 4.60 ಲಕ್ಷ, ಕೊಟ್ಟಿದ್ದು 4.20 ಲಕ್ಷ. ನಲವತ್ತು ಸಾವಿರ ಇಳಿಸಿದೆ ಅಂತ ದಾರಿಯುದ್ದಕ್ಕೂ ಬೀಗಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಅವನು ಸುಳ್ಳು ಹೇಳಿ ಮೋಸ ಮಾಡಲಿಲ್ಲ. ಹೇಳಿದ ಮಾತುಗಳೆಲ್ಲ ಹೆಚ್ಚುಕಮ್ಮಿ ನಿಜವೇ. ಅದೇ ನನಗೆ ಜಾಸ್ತಿ ಉರಿ.

ನೀರಿಗೆ ಇಳಿಸಿ ತೋರಿಸಿ ಅಂದೆ. "ಎಂತ ಮಾರಾಯ್ರೆ, ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಸ್ಲಿಕ್ಕೆ ಆಗ್ತದಾ?" ಅಂದ. ನಿಜ, ಜುಲೈ ಅಲ್ವಾ. ಟ್ರೇಲರ್ ಮೇಲೇ, ಇಂಜಿನ್ ತಣಿಸೋಕೆ ನಲ್ಲಿ ಪೈಪ್ ಹಚ್ಚಿ ಸ್ಟಾರ್ಟ್ ಮಾಡಿದ. ಮೊದಲು ಇಂಜಿನ್, ಆಮೇಲೆ ನಲ್ಲಿ. ಆಫ್ ಮಾಡುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ಮೂಲಕ ನೀರು ಇಂಜಿನ್‌ಗೇ ನುಗ್ಗಬಹುದು ಅಂತ ಪಾಠವನ್ನೂ ಹೇಳಿದ. ಅದೂ ನಿಜ. ಒಂದೇ ನಿಮಿಷಕ್ಕೆ ಬಂದ್ ಮಾಡಿದ. ಇನ್ನಷ್ಟು ಹೊತ್ತು ಓಡಿಸಿ ಅಂದರೆ, "ನೆಲದ ಮೇಲೆ ಎರಡು ನಿಮಿಷಕ್ಕಿಂತ ಜಾಸ್ತಿ ಓಡಿಸ್ಲಿಕ್ಕಿಲ್ಲ, ಶಾಫ್ಟಿನ ಸೀಲ್ ಬಿಸಿ ಆಗ್ತದೆ" ಅಂದ. ಇದೂ ನೂರಕ್ಕೆ ನೂರು ನಿಜ. ಇಂಜಿನ್‌ನಿಂದ ಹಿಂದಿನ ಜೆಟ್ ಪಂಪಿಗೆ ಹೋಗೋ ಶಾಫ್ಟಿನ ಸುತ್ತ ನೀರು ಒಳಗೆ ಬರದ ಹಾಗೆ ತಡೆಯೋದು ಆ ಸೀಲ್, ಅದು ತಣ್ಣಗೆ ಇರೋದೇ ಹೊರಗಿನ ಕೆರೆ ನೀರಿನಿಂದ. ನಾನು ತಲೆ ಅಲ್ಲಾಡಿಸಿದೆ. ವಿಷಯ ಗೊತ್ತಿರೋ ಮನುಷ್ಯ, ಪರವಾಗಿಲ್ಲ ಅಂದುಕೊಂಡೆ.

ಆದರೆ ಗಾಡಿ ಟ್ರೇಲರ್ ಮೇಲೆ ಇದ್ದಾಗ ಹೊರಗಿನಿಂದ ಒಳಗೆ ಬರೋಕೆ ನೀರೇ ಇರಲ್ಲ. ಶಾಫ್ಟಿನ ಸೀಲ್ ಹರಿದು ಚಿಂದಿ ಆಗಿದ್ದರೂ ಒಳಗೆ ಹನಿ ಕಾಣಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಪೇಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸೀಟು ಎತ್ತಿದಾಗ ತಳ ಹೊಸ ತವೆ ಥರ ಕರ್ರಗೆ ಮಿಂಚುತ್ತಿತ್ತು. ಹಳೇ ಗಾಡಿ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಹೊಗಳಿದವನು ನಾನೇ. ನಾನೇ! ಅವನು ನಕ್ಕ, ಅಷ್ಟೇ. ಉಪಯೋಗಿಸಿದ ಜೆಟ್ ಸ್ಕೀ ತಳದಲ್ಲಿ ಒಂದಿಷ್ಟು ಎಣ್ಣೆ ಜಿಡ್ಡು, ಮರಳು, ನೀರು ನಿಂತ ಗೆರೆ ಇರಲೇಬೇಕು. ಆ ಗೆರೆ ನೋಡಿದರೆ ನೀರು ಎಷ್ಟು ಎತ್ತರ ನಿಲ್ಲುತ್ತಿತ್ತು ಅಂತ ಗೊತ್ತಾಗುತ್ತೆ. ಅವನು ಆ ಗೆರೆ ಮೇಲೇ ಪೇಂಟ್ ಹೊಡೆಸಿದ್ದ. ಮೇಲಿಂದ ಬಾಂಡ್ ಪೇಪರ್‌ನಲ್ಲಿ "ಗಾಡಿ ಇದ್ದದ್ದು ಇದ್ದ ಹಾಗೆ ಪಡೆದಿರುತ್ತೇನೆ" ಅಂತ ಒಂದು ಸಾಲು. ಓದಿಯೇ ಸಹಿ ಹಾಕಿದೆ.

ಗಾಡಿ ಊರಿಗೆ ಬಂತು. ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ದಿನಗಳಲ್ಲಿ ನಮಗೆ ಜೆಟ್ ಸ್ಕೀ ನೆನಪಾದರೂ ಆಗುತ್ತಾ? ಡ್ಯಾಮ್ ಉಳಿಯುತ್ತೋ ಇಲ್ಲವೋ, ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅನ್ನೋದೇ ಎಲ್ಲರ ಮಾತು. ತಾತ್ಕಾಲಿಕ ಗೇಟ್ ಕೂರಿಸಿದರು, ಮಳೆ ಆಯಿತು, ಡ್ಯಾಮ್ ಮತ್ತೆ ತುಂಬಿತು. ನಾವು ಗಾಡಿ ನೀರಿಗೆ ಇಳಿಸಿದ್ದು ಅಕ್ಟೋಬರ್‌ನಲ್ಲಿ, ಮುನಿರಾಬಾದ್ ಕಡೆಯ ಹಿನ್ನೀರಲ್ಲಿ. ಈ ತಡ ಆಮೇಲೆ ಅವನಿಗೆ ಒಳ್ಳೇ ನೆಪ ಆಯಿತು.

ಮೊದಲ ಐದು ನಿಮಿಷ ಸೂಪರ್. ಆಮೇಲೆ ಸ್ಪೀಡ್ ಬಿತ್ತು. ಹಿಂಭಾಗ ಕೂತಿತು, ಮೂತಿ ಮೇಲೆದ್ದಿತು. ಕೆಮ್ಮಿ ಕೆಮ್ಮಿ ಇಂಜಿನ್ ಆಫ್. ಲೈಫ್ ಜಾಕೆಟ್ ಇತ್ತು, ಇಲ್ಲದಿದ್ದರೆ ಇದನ್ನು ಬರೆಯೋಕೆ ನಾನಿರುತ್ತಿರಲಿಲ್ಲ. ಮೀನು ಹಿಡಿಯೋ ಇಬ್ಬರು ಹರಿಗೋಲಿನಲ್ಲಿ ಬಂದು, ಹಗ್ಗ ಕಟ್ಟಿ, ಹುಟ್ಟು ಹಾಕುತ್ತಾ ಮೆಲ್ಲಗೆ ದಡಕ್ಕೆ ಎಳೆದರು. ಮೋಟರ್ ಬೋಟಿನಲ್ಲಿ ಜೋರಾಗಿ ಎಳೆದಿದ್ದರೆ ಇಂಜಿನ್ ಒಳಗೆ ಇನ್ನಷ್ಟು ನೀರು ತುಂಬುತ್ತಿತ್ತಂತೆ. ಆ ಹರಿಗೋಲಿನ ನಿಧಾನವೇ ಪುಣ್ಯ. ಸೀಟು ಎತ್ತಿದರೆ ಒಳಗೆ ಬಾವಿ. ಡ್ರೈನ್ ಪ್ಲಗ್ ಬಿಚ್ಚಿ ಬಿಟ್ಟೆವು, ಹೊರಗೆ ಬರ್ತಾನೇ ಇದೆ, ಬರ್ತಾನೇ ಇದೆ. ಸ್ನೇಹಿತ ಮತ್ತೆ ಸ್ಟಾರ್ಟ್ ಬಟನ್ ಒತ್ತೋಕೆ ಹೋದ, ಕೈ ಹಿಡಿದೆ. ಸಿಲಿಂಡರ್‌ನಲ್ಲಿ ನೀರಿದ್ದಾಗ ಒತ್ತಿದರೆ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತೆ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಆಮೇಲೆ ತಿರುಗಿಸಬೇಕು. ಹಾಗೆ ಮಾಡಿದಾಗ ನೀರು ಪಿಚಕಾರಿ ಥರ ಚಿಮ್ಮಿತು. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ನೀರು ಬೆರೆತು ಹೋಟೆಲ್ ಚಹಾದ ಬಣ್ಣ. ಮೂರು ಸಲ ಆಯಿಲ್ ಬದಲಿಸಿದ ಮೇಲೆ ಸರಿ ಬಣ್ಣ ಬಂತು.

ಏಜೆಂಟ್‌ಗೆ ಫೋನ್ ಮಾಡಿದೆ.

"ಡ್ರೈನ್ ಪ್ಲಗ್ ಹಾಕ್ಲಿಕ್ಕೆ ಮರ್ತಿದ್ದೀರಿ."

ಹಾಕಿದ್ದೆ, ಎರಡೂ ಹಾಕಿದ್ದೆ, ವಿಡಿಯೊ ಇದೆ ಅಂದೆ.

"ಹಾಗಾದ್ರೆ ಬೀಳಿಸಿದ್ದೀರಿ."

ಬೀಳಿಸಿಲ್ಲ.

"ಮಾರಾಯ್ರೆ, ಜೆಟ್ ಸ್ಕೀ ಅಂದ ಮೇಲೆ ಸ್ವಲ್ಪ ನೀರು ಬರ್ತದೆ. ಕಾಮನ್."

ಸ್ವಲ್ಪ ಅಂದರೆ ಎಷ್ಟು? ಒಂದೆರಡು ಲೋಟ ಬಂದರೆ ಕಾಮನ್, ಒಪ್ಪುತ್ತೇನೆ. ಹತ್ತು ನಿಮಿಷಕ್ಕೆ ಗಾಡಿ ಮುಳುಗೋದು ಕಾಮನ್ನಾ? ಅದಕ್ಕೆ ಅವನು, "ಮೂರು ತಿಂಗಳು ನಿಮ್ಮ ಹತ್ರವೇ ಇತ್ತಲ್ಲ, ಎಂತ ಮಾಡಿದ್ದೀರೋ ನನಗೆ ಹೇಗೆ ಗೊತ್ತು?" ಅಂದ. ಆಮೇಲೆ ಬರೀ ನೀಲಿ ಟಿಕ್, ಉತ್ತರ ಇಲ್ಲ.

ಇಲ್ಲಿಗೆ ಮುಗಿಯಿತಾ? ಇಲ್ಲ. ಒಂದು ಸಲ ಮೋಸ ಹೋದವನು ಎರಡನೇ ಸಲ ಹುಷಾರಾಗಿರುತ್ತಾನೆ ಅಂತಾರೆ. ನಾನು ಆಗಿರಲಿಲ್ಲ.

ದೊಡ್ಡ ಊರಿಂದ ಒಬ್ಬ ಮೆಕ್ಯಾನಿಕ್ ಕರೆಸಿದೆವು. ಬಸ್ ಚಾರ್ಜ್, ಲಾಡ್ಜು, ಊಟ ಎಲ್ಲಾ ನಮ್ಮದೇ. ಅವನು ಗಾಡಿ ಶೆಡ್ಡಿಗೆ ಹಾಕಿಕೊಂಡು, ನಮ್ಮನ್ನು ಹೊರಗೆ ಕಳಿಸಿ, ಮೂರು ತಾಸು ಕೆಲಸ ಮಾಡಿದ. "ಕಾರ್ಬನ್ ಸೀಲ್ ಕಿಟ್ ಪೂರ್ತಿ ಚೇಂಜ್ ಸರ್" ಅಂದ, ಅಂದರೆ ಶಾಫ್ಟಿನ ಆ ಸೀಲೇ. 22,500 ರೂಪಾಯಿ. ಹಳೇ ಸೀಲ್ ಎಲ್ಲಿ ಅಂದರೆ, "ಅದು ವೇಸ್ಟ್ ಸರ್, ಕಸಕ್ಕೆ ಹಾಕ್ದೆ." ಯಾವ ಕಸ? ನಮ್ಮ ಶೆಡ್ಡಿನ ಕಸದ ಬುಟ್ಟಿಯಲ್ಲಿ ಎರಡು ಖಾಲಿ ಸಿಲಿಕೋನ್ ಟ್ಯೂಬ್ ಬಿಟ್ಟರೆ ಏನೂ ಇರಲಿಲ್ಲ. ನೋಡಿದೆ. ನೋಡಿಯೂ ಸುಮ್ನೆ ದುಡ್ಡು ಕೊಟ್ಟೆ.

ಮತ್ತೆ ಇಳಿಸಿದೆವು, ಈ ಸಲ ದಡದ ಹತ್ತಿರವೇ. ನಾಲ್ಕು ನಿಮಿಷ. ಮತ್ತೆ ಹಿಂಭಾಗ ಕೂತಿತು.

ಕೊನೆಗೆ ಗಂಗಾವತಿಯಿಂದ ಸೋದರಮಾವ ಬಂದ. ಗದ್ದೆ ಪಂಪ್‌ಸೆಟ್ ರಿಪೇರಿ ಮಾಡೋ ಮನುಷ್ಯ, ಜೆಟ್ ಸ್ಕೀ ಅನ್ನೋದನ್ನು ಆವತ್ತೇ ಮೊದಲು ಮುಟ್ಟಿದ್ದು. ಸುತ್ತ ಒಂದು ರೌಂಡ್ ಹಾಕಿ ಕೇಳಿದ, "ತೂತು ಬಿದ್ದ ಕೊಡ ಇದ್ರ ಏನ್ ಮಾಡ್ತಿಯಪ? ನೀರು ತುಂಬಿ ಹೊರಗ ನೋಡ್ತಿ, ಹೌದಿಲ್ಲೋ? ಇದಕ್ಕೂ ಅದನ್ನ ಮಾಡು."

ಬ್ಯಾಟರಿ ತೆಗೆದೆವು. ಟ್ರೇಲರ್ ಕೆಳಗೆ ಗಟ್ಟಿಯಾಗಿ ಆಸರೆ ಕೊಟ್ಟೆವು, ಯಾಕೆಂದರೆ ನೂರು ಲೀಟರ್ ನೀರು ಅಂದರೆ ನೂರು ಕೆಜಿ ಭಾರ. ಶಾಫ್ಟ್ ಮುಳುಗುವಷ್ಟು ಮಾತ್ರ ನೀರು ಹಾಕಿದೆವು, ಇಂಜಿನ್ ಮುಳುಗುವಷ್ಟಲ್ಲ. ಹಿಂದೆ ಬಗ್ಗಿ ಟಾರ್ಚ್ ಬಿಟ್ಟು ಕೂತೆವು. ಎರಡೇ ನಿಮಿಷ. ಜೆಟ್ ಪಂಪಿನ ಮುಂದೆ, ಶಾಫ್ಟ್ ಹೊರಗೆ ಬರೋ ಜಾಗದಿಂದ ಟಪ್, ಟಪ್, ಆಮೇಲೆ ಸಣ್ಣ ಧಾರೆ. ಬೇರೆ ಎಲ್ಲೂ ಇಲ್ಲ. 4.20 ಲಕ್ಷದ ಗುಟ್ಟು ಏಳು ಕೊಡ ನೀರಿಗೆ ಬಯಲಾಯಿತು.

ನೀರು ಖಾಲಿ ಮಾಡಿ ಮಾವ ಒಳಗೆ ಇಣುಕಿದ. ಶಾಫ್ಟ್ ಒಳಗೆ ಬರುವಲ್ಲಿ ಒಂದು ರಬ್ಬರ್ ಬೆಲ್ಲೋಸ್ ಇರುತ್ತೆ. ಅದರ ತುದಿಯಲ್ಲಿ ಕಾರ್ಬನ್ ರಿಂಗ್. ಶಾಫ್ಟಿನ ಜೊತೆ ತಿರುಗೋ ಸ್ಟೀಲ್ ರಿಂಗ್‌ಗೆ ಅದು ಒತ್ತಿಕೊಂಡಿರಬೇಕು, ಸ್ಪ್ರಿಂಗ್ ಥರ ಒತ್ತೋದು ಆ ಬೆಲ್ಲೋಸೇ. "ನಮ್ಮ ಪಂಪಿನ ಸೀಲ್ ಇದ್ದಂಗ ಐತಲ್ಲೋ ಇದು!" ಅಂದ ಮಾವ. ಅದರ ಸುತ್ತ ಮೆಕ್ಯಾನಿಕ್ ಮಹಾಶಯ ಬಿಳಿ ಸಿಲಿಕೋನನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದ್ದ. ಮಾವ ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಕೆರೆದು, ಕ್ಲಾಂಪಿನ ಸ್ಕ್ರೂ ತಲೆ ತೋರಿಸಿದ. "ಏನ್ ಕಾಣತೈತಿ?"

ಸ್ಕ್ರೂ ತಲೆಯ ಸೀಳಿನಲ್ಲಿ ಕರಿ ಪೇಂಟ್ ಹಾಗೇ ತುಂಬಿತ್ತು. ಏಜೆಂಟ್ ಹೊಡೆಸಿದ ಪೇಂಟ್. ಒಂದು ಗೀರೂ ಇಲ್ಲ. ಅಂದರೆ ಆ ಸ್ಕ್ರೂಗೆ ಯಾರೂ ಸ್ಕ್ರೂಡ್ರೈವರ್ ಹಾಕೇ ಇಲ್ಲ. ಕ್ಲಾಂಪ್ ಬಿಚ್ಚದೆ ಸೀಲ್ ಬದಲಿಸೋದು ಹೇಗೆ? ನಾನು ಅಲ್ಲೇ ಟ್ರೇಲರ್ ಚಕ್ರದ ಮೇಲೆ ಕೂತುಬಿಟ್ಟೆ. 22,500 ಕೊಟ್ಟದ್ದು ಎರಡು ಟ್ಯೂಬ್ ಸಿಲಿಕೋನ್‌ಗೆ.

ಅಷ್ಟೇ ಅಲ್ಲ. ತಳದಲ್ಲಿ ಬೈಲರ್ ಅಂತ ಎರಡು ಸಣ್ಣ ಪೈಪ್ ಇರುತ್ತೆ. ಗಾಡಿ ಓಡುವಾಗ ಜೆಟ್ಟಿನ ಸೆಳೆತಕ್ಕೆ ತಳದ ನೀರನ್ನು ಅದು ಎಳೆದು ಹೊರಗೆ ಹಾಕುತ್ತೆ. ಒಂದರ ಬಾಯಿಗೆ ಸಿಲಿಕೋನ್ ಉಂಡೆ ಕೂತಿತ್ತು. ರಿಪೇರಿ ಆದ ಮೇಲೆ ಇನ್ನೂ ಬೇಗ ಮುಳುಗಿದ್ದು ಇದಕ್ಕೇ ಇರಬೇಕು.

ಆ ಮೆಕ್ಯಾನಿಕ್‌ಗೆ ಫೋಟೊ ಕಳಿಸಿದೆ. ಉತ್ತರ ನೋಡಿ: "ಬೇರೆಯವ್ರ ಕೈಲಿ ಬಿಚ್ಚಿಸಿದ್ರೆ ಗ್ಯಾರಂಟಿ ಹೋಗುತ್ತೆ ಸರ್." ನೀನೇ ಬಿಚ್ಚಿರಲಿಲ್ಲವಲ್ಲೋ!

ಆಮೇಲಿನ ಕೆಲಸ ಬೇಗ ಹೇಳುತ್ತೇನೆ. ಪಂಪ್ ಇಳಿಸಿ ಶಾಫ್ಟ್ ಹೊರಗೆ ಎಳೆದೆವು. ಸ್ಟೀಲ್ ರಿಂಗ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಕಾರ್ಬನ್ ಒಂದು ಕಡೆ ಸವೆದು ಓರೆಯಾಗಿತ್ತು. ಮರಳು ತಿಂದಿದೆ ಅಂದ ಮಾವ. ನಮ್ಮ ಡ್ಯಾಮಿನ ಹೂಳು ಗೊತ್ತಲ್ಲ, 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಕಡಿಮೆ ನೀರಲ್ಲಿ ಓಡಿಸಿದರೆ ಹೊಸ ಸೀಲಿಗೂ ಇದೇ ಗತಿ, ಅದು ನಮ್ಮ ಕೈಲಿದೆ. ಕಾರ್ಬನ್ ರಿಂಗ್, ಸ್ಟೀಲ್ ರಿಂಗ್, ಬೆಲ್ಲೋಸ್, ಓ-ರಿಂಗ್, ಕ್ಲಾಂಪ್ ಎಲ್ಲಾ ಕೊರಿಯರ್ ಸೇರಿ 16,000 ಚಿಲ್ಲರೆ ಆಯಿತು. ಮಾವ ಒಂದು ರೂಪಾಯಿ ತಗೊಳ್ಳಲಿಲ್ಲ. ಆದರೆ ಹುಲಿಗೆಮ್ಮನ ಗುಡಿಗೆ ಕರ್ಕೊಂಡು ಹೋಗಿ ಕಾಯಿ ಒಡೆಸಿದ.

ಇನ್ನೊಂದು ಸೋರಿಕೆಯೂ ಇತ್ತು, ಎಕ್ಸಾಸ್ಟ್ ಹೋಸ್ ಹತ್ತಿರ. ಅದು ಕೊಡದ ಉಪಾಯಕ್ಕೆ ಸಿಗಲಿಲ್ಲ. ಒಳಗೆಲ್ಲ ಒರೆಸಿ ಒಣಗಿಸಿ, ಮಾವ ಮನೆಯಿಂದ ಮುಖಕ್ಕೆ ಹಚ್ಚೋ ಪೌಡರ್ ತರಿಸಿ ಜಾಯಿಂಟ್‌ಗಳ ಮೇಲೆ ಉದುರಿಸಿದ. ಪೈಪ್ ಹಚ್ಚಿ ಒಂದೂವರೆ ನಿಮಿಷ ಓಡಿಸಿದೆವು. ಬಿಳಿ ಪೌಡರ್ ಮೇಲೆ ಇರುವೆ ಸಾಲಿನ ಹಾಗೆ ಒಂದು ಒದ್ದೆ ಗೆರೆ. ಕ್ಲಾಂಪ್ ಸಡಿಲ. ಎರಡು ಸುತ್ತು ತಿರುಗಿಸಿದ್ದಕ್ಕೆ ನಿಂತಿತು. ಪೌಡರ್ ಡಬ್ಬಿ ಖಾಲಿ ಆದದ್ದಕ್ಕೆ ಮನೆಯಾಕೆಯ ಬೈಗುಳ ಇನ್ನೂ ನಿಂತಿಲ್ಲ.

ಈಗ ಗಾಡಿ ಚೆನ್ನಾಗಿದೆ. ಅರ್ಧ ಗಂಟೆ ಓಡಿಸಿ ಬಂದರೂ ಒಂದು ಲೋಟ ನೀರು ಸಿಕ್ಕರೆ ಜಾಸ್ತಿ. ಆದರೆ ಹೋದ ದುಡ್ಡು ಹೋಯಿತು.

ತಗೊಳ್ಳೋರು ನೀರಿಗೆ ಇಳಿಸದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಮಳೆಗಾಲ ಅಂದರೆ ಮಳೆ ಮುಗಿದ ಮೇಲೆ ಹೋಗಿ. ಇಳಿಸೋಕೆ ಆಗಲ್ಲ ಅಂದರೆ ಒಳಗೆ ನೀರು ತುಂಬಿಸಿ ನೋಡಿ, ಬೇಡ ಅಂದವನ ಅಂಗಳದಿಂದ ಎದ್ದು ಬನ್ನಿ. ತಳಕ್ಕೆ ಹೊಸ ಪೇಂಟ್ ಕಂಡರೆ ಹೊಗಳಬೇಡಿ, ಯಾಕೆ ಹೊಡೆಸಿದೆ ಅಂತ ಕೇಳಿ. ಮೆಕ್ಯಾನಿಕ್ ಪಕ್ಕದಲ್ಲೇ ನಿಂತುಕೊಳ್ಳಿ, ಹೊರಗೆ ಹೋಗಿ ಅಂದರೂ ಹೋಗಬೇಡಿ. ಹಳೇ ಪಾರ್ಟ್ ಕೈಗೆ ಬರದೆ ದುಡ್ಡು ಬಿಚ್ಚಬೇಡಿ.

ನಿನ್ನೆ ಆ ಜಾಹೀರಾತು ನೋಡಿ ತಡೆಯಲಾಗದೆ ಏಜೆಂಟ್‌ಗೆ ಮೆಸೇಜ್ ಹಾಕಿದೆ, ಇದಕ್ಕೂ ತಳಕ್ಕೆ ಪೇಂಟ್ ಹೊಡೆಸಿದ್ದೀಯಾ ಅಂತ. ಇಷ್ಟು ತಿಂಗಳು ಉತ್ತರ ಕೊಡದವನು ಎರಡೇ ನಿಮಿಷಕ್ಕೆ ಬರೆದ: "ನಿಮ್ಮ ಕಡೆ ಯಾರಿಗಾದ್ರೂ ಬೇಕಾದ್ರೆ ಹೇಳಿ ಮಾರಾಯ್ರೆ, ನಿಮಗೂ ಕಮಿಷನ್ ಉಂಟು."