ಕಾಡಿನ ಇಲಿಗೆ ವಿಷವಾ, ಗ್ಯಾಸ್ ಬೋನಾ, ಇಲಿ ಕತ್ತರಿಯಾ?

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಹತ್ತಿರ, ಹಸು ಮೇಯುವ ಹುಲ್ಲುಗಾವಲುಗಳ ನಡುವೆ ಕಹಿಕಾಟೆಯಾ ಅನ್ನುವ ಅಲ್ಲಿನ ಎತ್ತರದ ಮರಗಳ ನಾಲ್ಕು ಎಕರೆ ಕಾಡು ಉಳಿದಿದೆ. ದೇವರಕಾಡು ನೋಡುತ್ತಾ ಬೆಳೆದ ನನಗೆ ಅದೆಂದರೆ ಪ್ರಾಣ. ನಾವು ಐದಾರು ಜನ ಮೂರು ವರ್ಷದಿಂದ ಅಲ್ಲಿ ಇಲಿಗಳನ್ನು, ಪಾಸಮ್ ಅನ್ನುವ ಬೆಕ್ಕಿನಷ್ಟು ದೊಡ್ಡ ಮರ ಹತ್ತುವ ಪ್ರಾಣಿಗಳನ್ನು ಹಿಡಿಯುತ್ತಿದ್ದೇವೆ. ಇಲಿ ಇಲ್ಲಿಗೆ ಹಡಗಿನಲ್ಲಿ ಬಂದದ್ದು. ಪಾಸಮ್ ಅನ್ನು 1837ರಿಂದ ಆಸ್ಟ್ರೇಲಿಯಾದಿಂದ ತಂದು ಬಿಟ್ಟರು, ತುಪ್ಪಳದ ಆಸೆಗೆ. ಎರಡೂ ಹಕ್ಕಿಗಳ ಮೊಟ್ಟೆ ತಿನ್ನುತ್ತವೆ.

ಮೊದಲು ಬ್ರೊಡಿಫಕಮ್ ವಿಷ ಇಟ್ಟೆವು. ಇಲಿ ಬೇಗ ಕಡಿಮೆಯಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ವಿಷ ತಿಂದ ಪ್ರಾಣಿಯ ಲಿವರ್‌ನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಆ ಇಲಿಯನ್ನು ಹಿಡಿದ ಗೂಬೆಗೂ ಹೋಗುತ್ತದೆ. ಅಲ್ಲಿ ರೂರು ಗೂಬೆ ಕೂಗುವುದನ್ನು ಕೇಳಿದ ಮೇಲೆ ನನಗೆ ಮನಸ್ಸು ಬರಲಿಲ್ಲ. ನಿಲ್ಲಿಸಿದೆವು.

ಆಮೇಲೆ ಗ್ಯಾಸ್ ಬೋನು. ಗ್ಯಾಸ್ ಒತ್ತಡದಿಂದ ಇಲಿಯನ್ನು ಹೊಡೆದು ತಾನೇ ಮತ್ತೆ ಸಜ್ಜಾಗುತ್ತದೆ, ದಿನಾ ಹೋಗಬೇಕಿಲ್ಲ. ದೂರದ ಗುಡ್ಡಕ್ಕಾದರೆ ಸರಿ. ಬೆಲೆ ಜಾಸ್ತಿ. ಸತ್ತ ಇಲಿಯನ್ನು ಬೆಕ್ಕು ಎಳೆದುಕೊಂಡು ಹೋದರೆ ಎಷ್ಟು ಬಿದ್ದವು ಅಂತಲೇ ಗೊತ್ತಾಗುವುದಿಲ್ಲ, ಗ್ಯಾಸ್ ಮುಗಿದಿದ್ದರೂ ಬೋನು ಸುಮ್ನೆ ನೇತಾಡುತ್ತಿರುತ್ತದೆ.

ನನ್ನ ಓಟು ವಿಕ್ಟರ್ ಕಂಪನಿಯ ಇಲಿ ಕತ್ತರಿಗೆ. ಮನೆಯಲ್ಲಿ ಇಡುವ ಇಲಿ ಕತ್ತರಿಯ ಥರದ್ದೇ, ಮರದ ಪೆಟ್ಟಿಗೆಯೊಳಗೆ ಇಡಬೇಕು, ಬಾಗಿಲು ಚಿಕ್ಕದಿರಬೇಕು, ಇಲ್ಲದಿದ್ದರೆ ಹಕ್ಕಿ ನುಗ್ಗುತ್ತದೆ. ಬಟಾಣಿಯಷ್ಟು ಪೀನಟ್ ಬಟರ್ ಸಾಕು. 25 ಮೀಟರಿಗೊಂದು ಇಟ್ಟಿದ್ದೇವೆ. ವಾರಕ್ಕೊಮ್ಮೆ ಮುಚ್ಚಳ ತೆಗೆದರೆ ಯಾವ ಮೂಲೆಯಲ್ಲಿ ಏನು ಬಿತ್ತು ಅಂತ ಕಣ್ಣಿಗೇ ಕಾಣುತ್ತದೆ. ಕೆಲವು ಸಲ ಇಲಿ ಬಿದ್ದಿರುವುದಿಲ್ಲ, ಹೆಬ್ಬೆರಳು ಗಾತ್ರದ ವೇಟಾ ಹುಳು ಉದ್ದ ಮೀಸೆ ಆಡಿಸುತ್ತಾ ಬಟರ್ ನೆಕ್ಕುತ್ತಿರುತ್ತದೆ. ಅದನ್ನು ಮೆಲ್ಲಗೆ ಎತ್ತಿ ಮರದ ಮೇಲೆ ಬಿಡುತ್ತೇನೆ.

ಪಾಸಮ್‌ಗೆ ಈ ಕತ್ತರಿ ಸಾಲದು. ಅದಕ್ಕೆ ಹಳದಿ ಡಬ್ಬಿಯ ಟಿಮ್ಸ್ ಬೋನು, ಒಳಗೆ ಸೇಬಿನ ಹೋಳು, ಮೇಲೆ ದಾಲ್ಚಿನ್ನಿ ಪುಡಿ. ಮಾಂಸ ಇಡಬೇಡಿ, ಅಕ್ಕಪಕ್ಕದ ಮನೆಯ ಬೆಕ್ಕು ತಲೆ ಹಾಕಿಬಿಡುತ್ತದೆ.

ಟೂಯಿ ಹಕ್ಕಿ ಸೆಪ್ಟೆಂಬರಿಗೆ ಗೂಡು ಕಟ್ಟಲು ಶುರು ಮಾಡುತ್ತದೆ, ಅಷ್ಟರೊಳಗೆ ಇಲಿ ಕಡಿಮೆಯಾಗಬೇಕು, ಅಲ್ವಾ? ಈ ವಾರ ಬೇಲಿ ಪಕ್ಕದ ಎರಡು ಪೆಟ್ಟಿಗೆಯಲ್ಲಿ ಮತ್ತೆ ಬಿದ್ದಿವೆ. ಹುಲ್ಲುಗಾವಲಿನ ಕಡೆಯಿಂದಲೇ ನುಗ್ಗುತ್ತಿರಬೇಕು. ಭಾನುವಾರ ಅಲ್ಲಿ ಇನ್ನು ನಾಲ್ಕು ಇಡುತ್ತೇವೆ.