ಕಾಲು ಕಚ್ಚಿಕೊಳ್ಳುವ ಪೆಡಲ್: ಕಾರವಾರದಲ್ಲಿ ಒಂದು ಮಳೆಗಾಲ ತುಳಿದ ಮೇಲೆ

ಬೂಟಿನ ಅಡಿಯಲ್ಲಿರುವ ಲೋಹದ ತುಣುಕು ಸೈಕಲ್ ಪೆಡಲಿನ ಸ್ಪ್ರಿಂಗಿಗೆ ಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಆದರೂ ಇದರ ಹೆಸರು ಮಾತ್ರ 'ಕ್ಲಿಪ್‌ಲೆಸ್'. ಹಿಂದೆ ರೇಸಿನವರು ಪಂಜರದಂತಹ ಕ್ಲಿಪ್ಪಿನೊಳಗೆ ಕಾಲು ತೂರಿಸಿ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಆ ಪಂಜರ ಇಲ್ಲದ್ದು ಎಂಬರ್ಥದಲ್ಲಿ ಈ ಹೆಸರು ಬಂದಿದೆ. ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂತಹ ಪೆಡಲನ್ನು ಮಾರುಕಟ್ಟೆಗೆ ತಂದಿತು, ಮರುವರ್ಷವೇ ಸೈಕಲ್ ರೇಸಿನ ಬರ್ನಾರ್ಡ್ ಹಿನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಜಪಾನಿನ ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಪದ್ಧತಿಯಲ್ಲಿ ಬೂಟಿನ ತುಣುಕು, ಅಂದರೆ ಕ್ಲೀಟ್, ಚಿಕ್ಕದಾಗಿದ್ದು ಎರಡೇ ಬೋಲ್ಟುಗಳಲ್ಲಿ ಕೂರುತ್ತದೆ. ನಾನು ಕೊಂಡದ್ದು ಈ ಬಗೆಯದು.

ಅದರಲ್ಲಿಯೂ ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿಯಲ್ಲಿ ಮಾತ್ರ ಸ್ಪ್ರಿಂಗ್ ಇರುವ ಪೆಡಲನ್ನು ಆರಿಸಿಕೊಂಡೆ. ಬೆಳಿಗ್ಗೆ ಕದ್ರಾ ರಸ್ತೆಯಲ್ಲಿ ದೂರ ಹೋಗುವ ಸೈಕಲ್ಲೇ ಸಂಜೆ ತರಕಾರಿ ತರಲೂ ಬೇಕು. ಆಗ ಚಪ್ಪಲಿಯಲ್ಲೇ ತುಳಿಯಬಹುದು. ಎಸ್‌ಪಿಡಿ ಬೂಟಿನಲ್ಲಿ ಕ್ಲೀಟ್ ಅಡಿಭಾಗದ ಗುಳಿಯೊಳಗೆ ಅಡಗಿರುವುದರಿಂದ ಕೆಳಗಿಳಿದು ನಡೆಯುವುದೂ ಸಲೀಸು. ಮೂರು ಬೋಲ್ಟಿನ ರೇಸ್ ಕ್ಲೀಟನ್ನು ಸ್ನೇಹಿತರೊಬ್ಬರ ಬೂಟಿನಲ್ಲಿ ಪರೀಕ್ಷಿಸಿದ್ದೆ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆಷಾಢದ ಪಾಚಿ ಕಟ್ಟಿದ ಅಂಗಳ ದಾಟಿದಂತಾಯಿತು.

ಕಾಲು ಸಿಕ್ಕಿಸುವುದನ್ನು ಒಂದೇ ದಿನದಲ್ಲಿ ಕಲಿಯಬಹುದು, ಆದರೆ ಬಿಡಿಸುವುದಕ್ಕೆ ಅಭ್ಯಾಸ ಬೇಕು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಕ್ಲೀಟ್ ಬಿಡುತ್ತದೆ, ಆದರೆ ಬೀಳುವ ಭಯ ಬಂದೊಡನೆ ಕಾಲು ತಾನಾಗಿ ಮೇಲಕ್ಕೆ ಎಳೆಯುತ್ತದೆ. ಗೋಡೆ ಹಿಡಿದು ನಿಂತು ಒಂದೊಂದು ಕಾಲನ್ನು ಐವತ್ತು ಬಾರಿ ಸಿಕ್ಕಿಸಿ ಬಿಡಿಸಿದ್ದೆ, ಒಂದು ವಾರ ಮೈದಾನದ ಹುಲ್ಲಿನ ಮೇಲೆ ಸುತ್ತಿದ್ದೆ, ಒಮ್ಮೆಯೂ ಬಿದ್ದಿರಲಿಲ್ಲ. ಎಂಟನೆಯ ದಿನ ಕೋಡಿಬಾಗದ ಕಡೆಯಿಂದ ಬರುವಾಗ ಎದುರಿನ ರಿಕ್ಷಾ ನಿಂತಿತು. ಎಡಗಾಲನ್ನು ಸರಿಯಾಗಿಯೇ ಬಿಡಿಸಿದೆನಾದರೂ ರಸ್ತೆಯ ಅಂಚಿನ ಗುಂಡಿಯಿಂದಾಗಿ ಸೈಕಲ್ ಬಲಕ್ಕೆ ವಾಲಿತು. ಬಲಗಾಲು ಇನ್ನೂ ಪೆಡಲಿನಲ್ಲೇ ಇತ್ತು. ಬಹಳ ನಿಧಾನವಾಗಿ, ಮರ ಉರುಳಿದ ಹಾಗೆ ಬಿದ್ದೆ. ಮೀನು ಮಾರಲು ಕುಳಿತಿದ್ದ ಅಕ್ಕನೊಬ್ಬರು ಮೊದಲು ತಮ್ಮ ಬುಟ್ಟಿಯನ್ನು ಈಚೆ ಎಳೆದುಕೊಂಡು, ಆಮೇಲೆ "ಕಾಲು ಯಾಕೆ ಕೆಳಗಿಡ್ಲಿಲ್ಲ ತಮ್ಮಾ?" ಎಂದು ಕೇಳಿದರು. ಉತ್ತರ ಹೇಳುವಾಗಲೂ ನನ್ನ ಬಲಗಾಲು ಪೆಡಲಿಗೇ ಅಂಟಿಕೊಂಡಿತ್ತು.

ಅಂದು ಸಂಜೆ ಮಾಡಿದ ಎರಡು ಕೆಲಸಗಳನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಪೆಡಲಿನ ಸ್ಪ್ರಿಂಗಿನ ಬಿಗಿಯನ್ನು 3 ಮಿ.ಮೀ. ಅಲೆನ್ ಕೀಯಿಂದ ಎಡ-ಬಲ ಎರಡೂ ಪೆಡಲಿನಲ್ಲಿ ಸಮನಾಗಿ, ಆದಷ್ಟು ಕಡಿಮೆ ಮಾಡಿದೆ. ಕ್ಲೀಟನ್ನೂ ಬದಲಿಸಿದೆ. ಶಿಮಾನೊದ ಎಸ್‌ಎಚ್51 ಎಂಬ ಕ್ಲೀಟ್ ಹಿಮ್ಮಡಿ ಪಕ್ಕಕ್ಕೆ ತಿರುಗಿದಾಗ ಮಾತ್ರ ಬಿಡುತ್ತದೆ; ಎಸ್‌ಎಚ್56 ಹಾಗಲ್ಲ, ಜೋರಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ, ಅಂದರೆ ಗಾಬರಿಯಲ್ಲಿ ಕಾಲು ಮಾಡುವ ತಪ್ಪನ್ನೇ ಅದು ಒಪ್ಪಿಕೊಳ್ಳುತ್ತದೆ. ಕಲಿಯುವವರಿಗೆ ಇದೇ ಸರಿ. ಆನ್‌ಲೈನಿನಲ್ಲಿ ಮಾರಿದವರು ಈ ವ್ಯತ್ಯಾಸದ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ ಎಂಬುದು ನನ್ನ ದೂರು. ಪೆಡಲ್ ಜೋಡಿಸುವಾಗ ಎಡಗಡೆಯದಕ್ಕೆ ಉಲ್ಟಾ ಥ್ರೆಡ್ ಇರುತ್ತದೆಂಬುದನ್ನೂ ನೆನಪಿಡಬೇಕು.

ನಮ್ಮ ಕರಾವಳಿಗೆ ಈ ಪೆಡಲ್ ಒಗ್ಗುತ್ತದೆಯೇ ಎಂಬುದು ಮಳೆ ಶುರುವಾದ ಮೇಲೆ ತಿಳಿಯಿತು. ಪೆಡಲಿಗೆ ಏನೂ ಆಗಲಿಲ್ಲ; ತೊಂದರೆಯಾದದ್ದು ಬೂಟಿನ ಕಡೆ. ಮಣ್ಣಿನ ದಾರಿಯಲ್ಲಿ ಒಮ್ಮೆ ಇಳಿದರೂ ಕೆಂಪು ಕೆಸರು ಕ್ಲೀಟಿನ ಗುಳಿಯಲ್ಲಿ ತುಂಬಿಕೊಂಡು, ಕಡ್ಡಿಯಿಂದ ಕೆರೆದು ತೆಗೆಯುವವರೆಗೆ ಕಾಲು ಕೂರುವುದಿಲ್ಲ. ಟಾಗೋರ್ ಕಡಲತೀರದ ಮರಳಿನಲ್ಲಿ ನಡೆದು ಬಂದ ಬೂಟನ್ನು ತೊಳೆಯದೆ ಇಟ್ಟದ್ದರಿಂದ ಉಪ್ಪಿನ ಗಾಳಿಗೆ ಬೋಲ್ಟಿನ ತಲೆ ತುಕ್ಕು ಹಿಡಿಯಿತು, ಅದರ ಕುಳಿಯಲ್ಲಿ ಮರಳು ಗಟ್ಟಿಯಾಯಿತು, 4 ಮಿ.ಮೀ. ಕೀ ಒಳಗೆ ಇಳಿಯದೆ ಜಾರಿತು. ಸೂಜಿಯಿಂದ ಕೆದಕಿ, ಎಣ್ಣೆ ಬಿಟ್ಟು, ರಾತ್ರಿಯಿಡೀ ಕಾಯಬೇಕಾಯಿತು. ಈಗ ಬೋಲ್ಟ್ ಹಾಕುವ ಮುನ್ನ ಗ್ರೀಸ್ ಹಚ್ಚುತ್ತೇನೆ. ನೆನೆದ ಬೂಟು ಹಳೆಯ ಪೇಪರ್ ತುರುಕಿಟ್ಟರೂ ಎರಡು ದಿನ ಒಣಗುವುದಿಲ್ಲ; ಆ ವಾಸನೆಯ ಬಗ್ಗೆ ಮನೆಯವರ ಅಭಿಪ್ರಾಯವನ್ನು ಇಲ್ಲಿ ಬರೆಯುವಂತಿಲ್ಲ.

ವೇಗ ಹೆಚ್ಚಿತೇ ಎಂದು ಕೇಳುವವರಿಗೆ, ನನಗೆ ಗೊತ್ತಾಗುವಷ್ಟೇನೂ ಹೆಚ್ಚಲಿಲ್ಲ ಎಂದೇ ಹೇಳುತ್ತೇನೆ. ದೊರೆತ ಲಾಭ ಬೇರೆಯದು: ಬಿಣಗಾ ಕಡೆಯ ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುವಾಗ, ಮಳೆ ಸುರಿಯುತ್ತಿದ್ದರೂ, ಪೆಡಲಿನಿಂದ ಕಾಲು ಜಾರಿ ಮೊಣಕಾಲ ಕೆಳಗಿನ ಮೂಳೆಗೆ ಪೆಟ್ಟು ಬೀಳುವುದು ನಿಂತಿದೆ. ಕ್ಲೀಟ್ ಹೆಬ್ಬೆರಳ ಬುಡದ ಮೂಳೆಯ ನೇರಕ್ಕೆ ಕೂತಿದ್ದರೆ ಮೂರು ಗಂಟೆ ತುಳಿದರೂ ಪಾದ ಮರಗಟ್ಟುವುದಿಲ್ಲ. ಮೊದಲ ವಾರ ಅದನ್ನು ಓರೆಯಾಗಿ ಕೂರಿಸಿ ಮೊಣಕಾಲು ನೋಯಿಸಿಕೊಂಡಿದ್ದೆ.

ವಾರಕ್ಕೆ ಎರಡು ಸಲವಾದರೂ ದೂರ ಹೋಗುವವರು ಇದನ್ನು ಕೊಳ್ಳಬಹುದು. ಪೇಟೆಯೊಳಗೆ ಮಾತ್ರ ಓಡಾಡುವವರಿಗೆ ಮುಳ್ಳುಗಳಿರುವ ಒಳ್ಳೆಯ ಚಪ್ಪಟೆ ಪೆಡಲೇ ಸಾಕು. ನಾನಂತೂ ಕೋಡಿಬಾಗದ ಆ ತಿರುವು ಬರುವ ಮೊದಲೇ ಎರಡೂ ಪೆಡಲನ್ನು ಚಪ್ಪಟೆ ಬದಿಗೆ ಮಗುಚಿಕೊಳ್ಳುತ್ತೇನೆ.